ಚೀಟಿ ತೋರಿಸಿದವರಿಗೇ ಬಟ್ಟೆ

ಸ್ಟೂಲು ಹತ್ತಿ ಸರಳಿನ ಮೇಲಿನ ಹಸಿರು ಗೌನಿಗೆ ಕೈ ಹಾಕಿದ್ದ ಬೇಕರಿಯವಳ ಸೊಂಟವನ್ನು ಕಂಡಕ್ಟರಮ್ಮ ಎರಡೂ ತೋಳಲ್ಲಿ ಹಿಡಿದು ಕೆಳಕ್ಕೆ ಜಗ್ಗಿದಳು.

"ಇಳಿಯೇ ಕೆಳಗೆ! ಚೀಟಿ ಎಲ್ಲಿ?"

"ಯಾರಿಗೆ ತೋರಿಸಲಿ? ನೋಡೋಳು ಪಕ್ಕದ ಕೋಣೇಲಿ ಮಲಗಿದಾಳೆ! ಕೊನೇ ಸಲ ಅವಳೇ ಹೊಲಿದಿದ್ದು ಹಾಕ್ಕೊಂಡು ಕಳಿಸಿಕೊಡೋಣ ಅಂದ್ರೆ ನಿಂದೊಂದು!"

"ಅವಳು ಸತ್ತಳು ಅಂತ ಅವಳ ಮಾತೂ ಸತ್ತೋಯ್ತಾ?"

ಪಕ್ಕದ ಕೋಣೆಯಲ್ಲಿ ಟೇಪಕ್ಕ ಮಲಗಿದ್ದಳು. ಎಪ್ಪತ್ತೆರಡು ವರ್ಷ. ನಿನ್ನೆ ಮಧ್ಯಾಹ್ನ ಹೊಲಿಗೆ ಮೆಶಿನ್ನಿನ ಮುಂದೆ ಕೂತವಳು ಎದೆ ಹಿಡಿದುಕೊಂಡು ಕೂತಲ್ಲೇ ಪ್ರಾಣ ಬಿಟ್ಟಿದ್ದಳು. ಸೂಜಿ ಇನ್ನೂ ಬಟ್ಟೆಯೊಳಗೇ ಇತ್ತಂತೆ. ಅವಳ ತಮ್ಮ ಬಂದವನೇ ಮೆಶಿನ್ನಿನ ಮೇಲೆ ಒಂದು ಹೊದಿಕೆ ಎಸೆದಿದ್ದ. ಕೊರಳಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದುದಕ್ಕೆ ಆ ಹೆಸರು. ಈಗಲೂ ಅದು ಅಲ್ಲೇ ಇತ್ತು. ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಟೇಪಕ್ಕನ ಹೊಲಿಗೆ ಅಂಗಡಿಯ ಕಾನೂನು ಒಂದೇ. ವರ್ಷಕ್ಕೊಮ್ಮೆ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಹೋಗಿ ತೋರಿಸಿಕೊಂಡು, ತಾರೀಕಿನ ಮೊಹರು ಬಿದ್ದ ಚೀಟಿ ತಂದವರಿಗೇ ಹೊಲಿದ ಬಟ್ಟೆ. ತರದವರ ಬಟ್ಟೆ ಸರಳಿನ ಮೇಲೆ ನೇತಾಡುತ್ತದೆ, ಬೀದಿಯೆಲ್ಲ ನೋಡುವ ಹಾಗೆ. ಇವತ್ತು ಅಲ್ಲಿ ಆರು ಬಟ್ಟೆ ಇದ್ದವು.

"ನಂಗೆ ಮುಟ್ಟು ನಿಂತು ಇಪ್ಪತ್ತು ವರ್ಷ ಆಯ್ತು, ನನಗ್ಯಾಕೆ ಇದೆಲ್ಲ ಅಂದಿದ್ದೆ," ಮೂಲೆಯ ಬೆಂಚಿನಲ್ಲಿ ಕೂತಿದ್ದ ಟೀಚರಮ್ಮ ಮೂಗೊರೆಸಿಕೊಂಡರು. "'ಅಂಗಡಿ ಮುಚ್ಚಿದ ಮೇಲೂ ಕಳ್ಳ ಬರ್ತಾನೆ ಟೀಚರಮ್ಮ' ಅಂದ್ಲು! ನಲವತ್ತು ವರ್ಷ ಪಾಠ ಹೇಳಿದ ಬಾಯಿ, ಉತ್ತರ ಹೊಳೀಲಿಲ್ಲ."

ಎಲ್ಲರೂ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಮತ್ತೆ ನಕ್ಕರು.

"ಏನಿದು ಸಂತೆ?" ಟೇಪಕ್ಕನ ತಮ್ಮ ಬಾಗಿಲಲ್ಲಿ ಬಂದು ನಿಂತ. "ಮೂರು ಗಂಟೆಗೆ ಗಾಡಿ ಬರತ್ತೆ. ಏ ಹುಡುಗಿ, ಅವರವರ ಬಟ್ಟೆ ಅವರಿಗೆ ಕೊಟ್ಟು ಬಾಗಿಲು ಹಾಕು. ಊರ ಹೆಂಗಸರ ಉಸಾಬರಿ ನಿಮ್ಮಮ್ಮನ ಜೊತೆಗೇ ಮುಗೀಲಿ."

'ಹುಡುಗಿ'ಗೆ ನಲವತ್ತೊಂದು ವರ್ಷ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಟೇಪಕ್ಕನ ಒಬ್ಬಳೇ ಮಗಳು. ಅವಳ ಕಣ್ಣು ಸರಳಿನ ತುದಿಯಲ್ಲಿದ್ದ ಖಾಲಿ ಹ್ಯಾಂಗರಿನ ಮೇಲಿತ್ತು. ಮೂರು ವರ್ಷದಿಂದ ಅಲ್ಲಿ ನೇತಾಡುತ್ತಿದ್ದದ್ದು ಅವಳದೇ ನೀಲಿ ಕೋಟು. ಊರಿಗೆಲ್ಲ ಬುದ್ಧಿ ಹೇಳಿದ ಟೇಪಕ್ಕನ ಸ್ವಂತ ಮಗಳು ಒಂದು ಸಲವೂ ಚೀಟಿ ತಂದಿರಲಿಲ್ಲ.

ಈಗ ಕೋಟು ಇಲ್ಲ. ಅಮ್ಮ ಯಾರಿಗೋ ಕೊಟ್ಟುಬಿಟ್ಟಿದ್ದಾಳೆ. ಕೊನೆಗೂ ನನ್ನ ಕೈ ಬಿಟ್ಟಳು.

ಅವಳೊಬ್ಬಳಿಗೇ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಏಳು ತಿಂಗಳಿಂದ, ಮುಟ್ಟಿನ ದಿನವಲ್ಲದ ದಿನವೂ ರಕ್ತ ಕಾಣಿಸುತ್ತಿತ್ತು.

* * *

ಟೇಪಕ್ಕ ಇಪ್ಪತ್ತೇಳರವಳಾಗಿದ್ದಾಗ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಳು. ಪಕ್ಕದ ಮೆಶಿನ್ನಿನಲ್ಲಿ ಗುಂಗುರಿ. ಗುಂಗುರು ಕೂದಲು, ಗಂಟಲು ಬಿಚ್ಚಿದ ನಗು. ಅವಳು ದಿನಕ್ಕೆ ನಾಲ್ಕು ಸಲ ಎದ್ದು ಹೋಗತೊಡಗಿದಾಗ ಸೂಪರ್‌ವೈಸರು ಇಡೀ ಹಾಲಿಗೆ ಕೇಳುವಂತೆ ಕೂಗಿದ್ದ: "ಏನಮ್ಮ, ಪಾಯಿಖಾನೇಲೇ ಮೆಶಿನ್ ಹಾಕಿಸಿಕೊಡಲಾ?" ಇನ್ನೂರು ಜನ ನಕ್ಕರು. ಟೇಪಕ್ಕನೂ ನಕ್ಕಳು.

ಗುಂಗುರಿ ಅವತ್ತಿನಿಂದ ಏಳುವುದನ್ನೇ ಬಿಟ್ಟಳು. ಬಟ್ಟೆಯ ಮೇಲೆ ಬಟ್ಟೆ ಮಡಚಿ ಇಟ್ಟುಕೊಂಡು ಎರಡು ವರ್ಷ ಕಾಲರು ಹೊಲಿದಳು. ಗಂಡನಿಗೆ ಹೇಳಲಿಲ್ಲ, ತಾಯಿಗೆ ಹೇಳಲಿಲ್ಲ. ಹೇಳುವುದೇನನ್ನು? ಆ ಜಾಗಕ್ಕೆ ಬೈಗುಳದಲ್ಲಿ ಹೆಸರಿತ್ತು, ಬಾಯಿಬಿಟ್ಟು ನೋವು ಹೇಳಿಕೊಳ್ಳಲು ಇರಲಿಲ್ಲ. ಅಂಥ ಮರ್ಯಾದೆಗಿಷ್ಟು ಬೆಂಕಿ ಹಾಕ!

ಆಸ್ಪತ್ರೆಗೆ ಹೊತ್ತುಕೊಂಡೇ ಹೋದರು. "ಗರ್ಭಕೋಶದ ಬಾಯಲ್ಲಿ ಶುರುವಾಗಿದ್ದು ಎಲ್ಲ ಕಡೆ ಹೋಗಿದೆ. ವರ್ಷಕ್ಕೊಮ್ಮೆ ಬಂದು ತೋರಿಸಿದ್ದರೆ ಶುರುವಾಗೋ ಮೊದಲೇ ಹಿಡೀಬಹುದಿತ್ತು," ಎಂದರು ಡಾಕ್ಟರು. ಮೂವತ್ತನಾಲ್ಕಕ್ಕೆ ಗುಂಗುರಿ ಹೋದಳು. ಅವಳಿಗೆಂದು ಟೇಪಕ್ಕ ಹೊಲಿದಿಟ್ಟಿದ್ದ ಹೂವಿನ ಗೌನು ಉಳಿಯಿತು.

ಸ್ವಂತ ಅಂಗಡಿ ಹಾಕಿದ ದಿನ ಸರಳಿಗೆ ಮೊದಲು ನೇತುಹಾಕಿದ್ದು ಅದನ್ನೇ.

* * *

"ಇವತ್ತು ಗುರುವಾರ," ಕಂಡಕ್ಟರಮ್ಮ ತಟ್ಟನೆ ಅಂದಳು. "ಹೆಂಗಸರ ವಿಭಾಗ ಒಂದು ಗಂಟೆವರೆಗೆ. ಈಗ ಹತ್ತೂವರೆ."



"ಏಯ್, ತಲೆ ಕೆಟ್ಟಿದ್ಯಾ?" ಬೇಕರಿಯವಳು ಸ್ಟೂಲಿನಿಂದ ಧುಮುಕಿದಳು. "ಹೋಗಿಬರಕ್ಕಾಗತ್ತಾ?"

"ಹನ್ನೊಂದರ ಬಸ್ಸಿಗೆ ನಮ್ಮ ಡ್ರೈವರಣ್ಣ. ಕೈ ತೋರಿಸಿದ್ರೆ ಬಾಗಿಲ ಮುಂದೇ ನಿಲ್ಲಿಸ್ತಾನೆ."

"ಹೆಣ ಮನೇಲಿಟ್ಟು ಆಸ್ಪತ್ರೆಗಾ?" ತಮ್ಮನ ಕಣ್ಣು ಕೆಂಪಾಯಿತು. "ಜನ ಏನಂತಾರೆ!"

"ಏನಂತಾರೆ?" ಟೀಚರಮ್ಮ ಕೋಲೂರಿ ಎದ್ದರು. "ನಿಮ್ಮಕ್ಕ ಏನಂತಿದ್ಲು ಅದನ್ನ ಹೇಳಪ್ಪ. ನಾನು ಅವಳ ಪಕ್ಕ ಕೂತಿರ್ತೀನಿ. ನಂದು ಹೋದ ತಿಂಗಳೇ ಆಗಿದೆ, ಬೇಕಾದ್ರೆ ಚೀಟಿ ನೋಡು." ನಿಜಕ್ಕೂ ಚೀಲದಿಂದ ತೆಗೆದು ಅವನ ಮುಖಕ್ಕೆ ಹಿಡಿದರು. ಅವನು ಆ ಕಡೆ ತಿರುಗಿಕೊಂಡ.

ಚೀಟಿಯಿಲ್ಲದ ಐವರು ಚಪ್ಪಲಿ ಹುಡುಕತೊಡಗಿದರು. ಬೇಕರಿಯವಳು ಬಾಗಿಲಲ್ಲಿ ತಿರುಗಿ ಮಗಳನ್ನು ನೋಡಿದಳು. ಅದೇ ಸಾಕಾಯಿತು.

"ಮಾವ, ಅಮ್ಮನ್ನ ನೋಡ್ಕೋ," ಅಂದಳು ಮಗಳು. "ನಾನೂ ಹೋಗ್ತೀನಿ."

* * *

ಮೂರು ವರ್ಷದ ಕೆಳಗೆ, ಕೋಟು ಸಿದ್ಧವಾದ ದಿನ.

"ಕೊಡಮ್ಮ, ನಾಟಕ ಬೇಡ. ನಾನು ನಿನ್ನ ಗಿರಾಕಿ ಅಲ್ಲ, ಮಗಳು."

"ಅದಕ್ಕೇ ಎರಡರಷ್ಟು ಕೇಳ್ತೀನಿ. ಅರ್ಧ ಗಂಟೆ ಕೆಲಸ ಕಣೆ."

"ಮೇಲಿನ ಅಳತೆ ತಗೊಂಡೆ, ಆಯ್ತಲ್ಲ? ಒಳಗಿಂದು ನಂಗೆ ಬಿಡು!"

ಟೇಪಕ್ಕ ಕೋಟನ್ನು ಹ್ಯಾಂಗರಿಗೆ ಹಾಕಿ, ಗುಂಗುರಿಯ ಗೌನಿನ ಪಕ್ಕಕ್ಕೆ ನೇತುಹಾಕಿದಳು. ಆಮೇಲೆ ಮಗಳು ಮನೆಗೆ ಬಂದಾಗಲೆಲ್ಲ ಕೋಟಿನ ಸುದ್ದಿ ಎತ್ತಲಿಲ್ಲ. ಅವಳನ್ನು ಒಳಗೆ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಕಣ್ಣಲ್ಲೇ ಅಳೆಯುತ್ತಿದ್ದಳು ಅಷ್ಟೆ.

* * *

ರಜೆಯ ಮೇಲಿದ್ದರೂ ಬಸ್ಸಿನಲ್ಲಿ ಕಂಡಕ್ಟರಮ್ಮನೇ ಸೀಟಿ ಊದಿದಳು. ಎರಡು ನಿಲ್ದಾಣ ದಾಟಿದ ಮೇಲೆ ಮಗಳು ಅವಳ ಕಿವಿಯಲ್ಲಿ ಆ ಏಳು ತಿಂಗಳನ್ನು ಹೇಳಿದಳು. ಕಂಡಕ್ಟರಮ್ಮ ಎದ್ದುನಿಂತು ಕೂಗಿದಳು: "ಡ್ರೈವರಣ್ಣಾ, ಇನ್ನು ಎಲ್ಲೂ ನಿಲ್ಲಿಸಬೇಡ!"

ಆಸ್ಪತ್ರೆಯ ಹಸಿರು ಕಾರಿಡಾರಿನಲ್ಲಿ ನರ್ಸು ಇವರನ್ನೆಲ್ಲ ಎಣಿಸಿದಳು. "ಟೇಪಕ್ಕ ಎಲ್ಲಿ? ಪ್ರತಿ ಸಲ ಕುರಿ ಹೊಡ್ಕೊಂಡು ಬಂದ ಹಾಗೆ ಕರ್ಕೊಂಡು ಬರ್ತಿದ್ರಲ್ಲ?"

"ಮೂರು ಗಂಟೆಗೆ ಕಳಿಸಿಕೊಡಬೇಕು," ಅಂದಳು ಬೇಕರಿಯವಳು.

ನರ್ಸು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು. ಮತ್ತೆ ಎತ್ತಿಕೊಂಡಳು. "ಹಾಗಾದ್ರೆ ಬೇಗ. ಮೊದಲು ಯಾರು?"

"ನಾನು," ಅಂದಳು ಮಗಳು.

ಪರದೆಯ ಹಿಂದೆ ಇಪ್ಪತ್ತು ನಿಮಿಷ. ತಣ್ಣಗಿನ ಮಂಚ, ಅದಕ್ಕಿಂತ ತಣ್ಣಗಿನ ಉಪಕರಣ, ಬೆಚ್ಚಗಿನ ಮಾತಿನ ಡಾಕ್ಟರು. ಇಷ್ಟಕ್ಕಾ ಮೂರು ವರ್ಷ ಓಡಿದ್ದು?

"ಏನೋ ಸಣ್ಣದಾಗಿ ಬೆಳೆದಿದೆ," ಅಂದರು ಡಾಕ್ಟರು. "ಏನು ಅಂತ ಈಗಲೇ ಹೇಳಲ್ಲ. ತುಣುಕು ತೆಗೆದು ಕಳಿಸಿದೀನಿ. ಮುಂದಿನ ಗುರುವಾರ ಬರಲೇಬೇಕು. ಬರ್ತೀರಲ್ಲ?"

"ಬರ್ತೀನಿ."

ಮೊಹರು ದಢ್ ಎಂದು ಬಿತ್ತು.

* * *

ಎರಡೂಮುಕ್ಕಾಲಿಗೆ ಎಲ್ಲರೂ ಓಡೋಡಿ ಅಂಗಡಿಗೆ ನುಗ್ಗಿದರು. ಕಂಡಕ್ಟರಮ್ಮ ಸರಳಿನ ಕೆಳಗೆ ಕಾಲಗಲಿಸಿ ನಿಂತಳು.

"ಚೀಟಿ! ಚೀಟಿ! ಚೀಟಿ ಇಲ್ಲದೆ ಪ್ರಯಾಣ ಇಲ್ಲ!"

ಗುಂಗುರಿಯ ಗೌನೊಂದನ್ನು ಬಿಟ್ಟು ಒಂದೊಂದೇ ಬಟ್ಟೆ ಇಳಿಯಿತು. ಕೊನೆಗೆ ಮಗಳು ಮೊಹರಿನ ಚೀಟಿ ಚಾಚಿದಳು. ಕಂಡಕ್ಟರಮ್ಮನ ಕೈ ಖಾಲಿ ಹ್ಯಾಂಗರಿನ ಮೇಲೆ ನಿಂತುಬಿಟ್ಟಿತು.

"ಮೊನ್ನೆ ಇಲ್ಲೇ ಇತ್ತಲ್ಲೇ!"

ಬೇಕರಿಯವಳು ಕಪಾಟು ತೆಗೆದಳು, ಬೆಂಚಿನಡಿ ಬಗ್ಗಿದಳು. ಮಗಳು ಮಾತ್ರ ನೇರ ಮೆಶಿನ್ನಿನ ಹತ್ತಿರ ಹೋಗಿ, ಮಾವ ಎಸೆದಿದ್ದ ಹೊದಿಕೆಯನ್ನು ಎಳೆದಳು.

ನೀಲಿ ಕೋಟು ಅಲ್ಲಿತ್ತು. ಮಗ್ಗುಲ ಹೊಲಿಗೆಯ ನಡುವೆ ಸೂಜಿ ಚುಚ್ಚಿಕೊಂಡೇ ಇತ್ತು.

ಅವಳು ಬಗ್ಗಿ ನೋಡಿದಳು. ಸೊಂಟದ ಬಳಿ ಬಿಚ್ಚಿದ ಹೊಲಿಗೆಯ ತೂತುಗಳ ಸಾಲು. ಅದರ ಒಳಗೆ, ಒಂದು ಬೆರಳಷ್ಟು ಬಿಗಿಯಾಗಿ, ಇನ್ನೊಂದು ಸಾಲು. ಅದಕ್ಕೂ ಒಳಗೆ ಹೊಸ ದಾರದ ಹೊಲಿಗೆ, ಅರ್ಧಕ್ಕೆ ನಿಂತದ್ದು. ಮಗಳು ಸೊರಗಿದಂತೆಲ್ಲ ಕೋಟು ಒಳಸರಿದಿತ್ತು.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. "ಬಂತು! ಬೇಗ ಬನ್ನಿ!" ಮಾವ ಕೂಗಿದ.

"ಕಾಯಕ್ಕೆ ಹೇಳಿ," ಅಂದಳು ಮಗಳು. ಸ್ಟೂಲು ಎಳೆದು ಕೂತು, ಅಮ್ಮನ ಕಾಲಿದ್ದಲ್ಲಿ ಕಾಲಿಟ್ಟಳು. ಮೆಶಿನ್ನು ಟಕಟಕ ಸದ್ದಿನಿಂದ ಬೀದಿಯವರೆಗೂ ಕೇಳುವಂತೆ ಓಡಿತು. ಗಾಡಿಯವನು ಹಾರ್ನ್ ನಿಲ್ಲಿಸಿದ.

ಹೊಲಿಗೆ ಮುಗಿಯಿತು. ಬೇಕರಿಯವಳು ಕತ್ತರಿ ಚಾಚಿದಳು: "ಒಳಗಡೆ ನಾಲ್ಕು ಬೆರಳು ಬಟ್ಟೆ ಹಾಗೇ ಬಿಟ್ಟಿದಾಳೆ ನೋಡೆ, ಹೊಲಿಗೆ ದಪ್ಪ ಆಗತ್ತೆ. ಕತ್ತರಿಸ್ಲಾ?"

ಮಗಳು ಆ ನಾಲ್ಕು ಬೆರಳು ಬಟ್ಟೆಯನ್ನು ಹೆಬ್ಬೆರಳಲ್ಲಿ ಒತ್ತಿ ನೇರ ಮಾಡಿ, ಮತ್ತೆ ಒಳಕ್ಕೆ ಮಡಚಿದಳು. ಕತ್ತರಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. ಕೋಟು ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.