ವಿಮಾನಕ್ಕೆ ಹಚ್ಚಿದ ಕುಂಕುಮ

ಹೈದರಾಬಾದಿನ ಮೆಹದಿಪಟ್ಟಣಂನ ಒಂದು ಗಲ್ಲಿಗೆ ಹೊಸ ಸ್ಕೂಟರ್ ಬರಲಿ, ಆಟೊ ಬರಲಿ, ಕಲಬುರಗಿ ಶಂಕ್ರಮ್ಮನ ಕೈಯಿಂದ ಪೂಜೆಯಾಗದೆ ಗಾಲಿ ಉರುಳುತ್ತಿರಲಿಲ್ಲ. ಅಂಥವಳ ಮಗಳು ಗುರುದೇವಿ ಮೊದಲ ಸಲ ಒಬ್ಬಳೇ ವಿಮಾನ ಹಾರಿಸುವ ದಿನ ಆಕೆ ಸುಮ್ಮನೆ ಮನೆಯಲ್ಲಿ ಕೂರುತ್ತಾಳೆಯೇ? ಶಿವ ಶಿವಾ! ನಿಂಬೆಹಣ್ಣು, ತೆಂಗಿನಕಾಯಿ, ಕುಂಕುಮದ ಬಟ್ಟಲು ಸಮೇತ ಊರ ಹೊರಗಿದ್ದ ವಿಮಾನ ತರಬೇತಿ ಮೈದಾನಕ್ಕೆ ಬಂದಿಳಿದಳು.

ಎರಡೇ ಸೀಟಿನ ಪುಟ್ಟ ವಿಮಾನ. ಅದರ ಹಣೆ ಯಾವುದೆಂದು ತಿಳಿಯದೆ ಆಕೆ ಕಂಡಕಂಡಲ್ಲೆಲ್ಲ ಕುಂಕುಮ ಹಚ್ಚಿದಳು. ರೆಕ್ಕೆಯ ಕೆಳಗೆ ಬೆರಳುದ್ದದ ಕೊಳವೆಯೊಂದು ಬಾಯಿ ಬಿಟ್ಟುಕೊಂಡು ನಿಂತಿತ್ತು. ಕೆಟ್ಟ ದೃಷ್ಟಿ ಒಳಹೋಗಲು ಅಷ್ಟು ಸಂದಿ ಸಾಲದೇ? ಕುಂಕುಮ, ವಿಭೂತಿ ಕಲಸಿ ಮೆತ್ತಿ ಭದ್ರವಾಗಿ ಮುಚ್ಚಿದಳು. ಅರ್ಧ ಆಯುಷ್ಯ ಆಕಾಶದಲ್ಲೇ ಕಳೆದ ಬೀದರದ ತರಬೇತುದಾರ ಭೀಮಾಶಂಕರ ಕೊಬ್ಬರಿ ತಿನ್ನುತ್ತ ಕೈಮುಗಿದರು.

ವಿಮಾನ ಓಡಿತು. ಆ ಕೊಳವೆಯೊಳಗೆ ಗಾಳಿ ಹೊಕ್ಕರೆ ತಾನೆ ವೇಗದ ಮುಳ್ಳು ಏಳುವುದು? ಅದು ಸೊನ್ನೆಯಲ್ಲೇ ಕೂತಿತು. ಇನ್ನೇನು ನೆಲ ಬಿಡಬೇಕು, ಗುರುದೇವಿ ಗಾಬರಿಯಾಗಿ ಬ್ರೇಕ್ ಒತ್ತಿದಳು. ವಿಮಾನ ರನ್‌ವೇ ದಾಟಿ ಜಾಲಿಕಂಟಿಗೆ ನುಗ್ಗಿ ನಿಂತಿತು. ಮುಂದಿನ ಪಂಖ ಮುರಿಯಿತು, ಹುಡುಗಿಯ ತುಟಿ ಒಡೆಯಿತು. ಜೀವ ಉಳಿದದ್ದು ಪೂಜೆಯ ಫಲ ಎಂದು ಶಂಕ್ರಮ್ಮ ಅಲ್ಲೇ ಸಾರಿದಳು.

ಕೊಳವೆ ನೋಡಿ ಭೀಮಾಶಂಕರ ಕೆಂಡವಾದರು. "ಹಾರೂ ಮುಂಚೆ ಇದನ್ನ ನೋಡೋದು ಯಾರ ಕೆಲಸ? ಕಣ್ಣು ಎಲ್ಲಿದ್ವು? ಇನ್ನ ನಿನ್ನ ಕೈಗೆ ವಿಮಾನ ಕೊಡಬೇಕೋ ಬ್ಯಾಡೋ?"

"ಕಣಜ ಗೂಡು ಕಟ್ಟಿರಬೇಕ್ರಿ ಸರ," ಶಂಕ್ರಮ್ಮ ನಡುವೆ ಬಾಯಿ ಹಾಕಿದಳು.

"ಕುಂಕುಮದಾಗ ಗೂಡು ಕಟ್ಟೇತಿ ಅಂದ್ರ ಭಾಳ ಭಕ್ತಿವಂತ ಕಣಜ ಇರಬೇಕು ಬಿಡ್ರಿ!" ಎಂದರು ಭೀಮಾಶಂಕರ.

"ನಾ ನೋಡಿದ್ದೆ ಸರ," ಎಂದಳು ಗುರುದೇವಿ. "ಒರಸಾಕ ಕೈನೂ ಎತ್ತಿದ್ದೆ. ಅವ್ವ ಅಲ್ಲೇ ನಿಂತು ನೋಡಾಕತ್ತಿದ್ಳು. ಆಕಿ ಮುಂದ ಕುಂಕುಮ ಹೆಂಗ ಒರಸ್ಲಿ?"

ಶಂಕ್ರಮ್ಮ ಕುಂಕುಮದ ಬಟ್ಟಲನ್ನು ಸೆರಗಿನೊಳಗೆ ಸರಿಸಿದಳು.

ತಾವೂ ಕೈಮುಗಿದದ್ದು ನೆನಪಾಗಿಯೋ ಏನೋ, ಭೀಮಾಶಂಕರ ಸ್ವಲ್ಪ ತಣ್ಣಗಾದರು. "ಇನ್ನೊಂದ್ಸಲ ಕೊಡ್ತೀನಿ. ಆದ್ರ ಅವತ್ತು ನಿಮ್ಮವ್ವ ಈ ಕಡೆ ಕಾಲಿಡಬಾರ್ದು. ಒಪ್ಪತಿಯೇನು?"

ಶಂಕ್ರಮ್ಮ ಮಗಳತ್ತ ನೋಡಿದಳು. ಒಲ್ಲೆ ಅನ್ನುತ್ತಾಳೆಂದು ಆಕೆಗೆ ಖಾತ್ರಿಯಿತ್ತು.

"ಒಪ್ಪತೀನ್ರಿ ಸರ," ಎಂದಳು ಗುರುದೇವಿ, ಒಂದು ಗಳಿಗೆಯೂ ತಡಮಾಡದೆ.