ಹೆಳವ ನುಂಗಿಕೊಂಡ ಹೆಸರು

ವೀರಭದ್ರನ ಮಗಳ ಮದುವೆ ನಿಂತದ್ದು ಸತ್ತ ಮನುಷ್ಯನೊಬ್ಬನಿಂದ. ಅವನು ಸತ್ತು ನೂರು ವರ್ಷದ ಮೇಲಾಗಿತ್ತು, ಬೈದು ಪ್ರಯೋಜನವಿರಲಿಲ್ಲ. ವೀರಭದ್ರ ಆದರೂ ಬೈದ.

ಫೋನ್ ಬಂದದ್ದು ತಿರುವನಂತಪುರದಿಂದ. ಮಾಡಿದವರು ಹುಡುಗ ಪ್ರಮೋದನ ತಾಯಿ ನಿರ್ಮಲ. ಅವರ ಗಂಡ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿ, ಮಗನೂ ಅಲ್ಲೇ ಇಂಜಿನಿಯರು. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಮಾತಾಡುವವರಿಲ್ಲ. ಹಾಗಾಗಿ ನಿರ್ಮಲ ನಾಲ್ಕು ವರ್ಷದಿಂದ ಕಂಪ್ಯೂಟರಿನಲ್ಲಿ ಗಂಡನ ಮನೆತನದ ವಂಶವೃಕ್ಷ ಕೂಡಿಸುತ್ತಿದ್ದರು. ಸವದತ್ತಿ ಕಡೆಯ ಮುದುಕರಿಗೆಲ್ಲ ಫೋನ್ ಹಚ್ಚಿ, ಜಮೀನಿನ ಹಳೆ ಉತಾರದ ಕಾಗದ ತರಿಸಿ, ಆರುನೂರು ಹೆಸರು ಸೇರಿಸಿದ್ದರು. ಬೀಗರಾಗುವವರನ್ನೂ ಪಕ್ಕದಲ್ಲಿ ಜೋಡಿಸೋಣವೆಂದು, ಮಾತುಕತೆಗೆ ಕೊಚ್ಚಿಗೆ ಬಂದಾಗ ವೀರಭದ್ರನ ಅಜ್ಜ ಮುತ್ತಜ್ಜಂದಿರ ಹೆಸರು ಬರೆದುಕೊಂಡು ಹೋಗಿದ್ದರು.

“ಭಾವಾರ, ನಿಮ್ಮ ಮುತ್ತಜ್ಜ ಶಿವಲಿಂಗಪ್ಪ ನಮ್ಮ ಗಿಡದಾಗ ಮೊದಲs ಅದಾರ್ರಿ,” ಎಂದರು ನಿರ್ಮಲ.

ಹಿಂದಿನ ವಾರದವರೆಗೆ ಅವರು ‘ಬೀಗರ’ ಎನ್ನುತ್ತಿದ್ದರು. ಈಗ ಗಂಡನ ಅಣ್ಣನನ್ನು ಕರೆಯುವ ಹಾಗೆ ‘ಭಾವಾರ’. ಕಂಪ್ಯೂಟರಿನಲ್ಲಿ ತಿದ್ದಿದ್ದನ್ನು ಬಾಯಲ್ಲೂ ತಿದ್ದಿಕೊಂಡಿದ್ದರು.

“ಅದಾರ ಅಂದ್ರ?”

“ನಮ್ಮ ರುದ್ರಗೌಡರ ತಮ್ಮ. ಇಬ್ಬರೂ ಚನ್ನಬಸಪ್ಪಗೌಡರ ಮಕ್ಕಳು. ನಾವು ನೀವು ಅಣ್ತಮ್ಮರಾದ್ವಿ. ನಿಮ್ಮ ಅಪರ್ಣಾ ನಮ್ಮ ಪ್ರಮೋದಗ ತಂಗಿ ಆಗ್ತಾಳ. ಬೀಗರಾಗಾಕ ಬರೂದಿಲ್ಲ. ನನಗೂ ಭಾಳ ಕೆಟ್ಟ ಅನಿಸಾಕತ್ತೈತ್ರಿ. ಆದ್ರ ಗಿಡ ಸುಳ್ಳು ಹೇಳೂದಿಲ್ಲ.”

ವೀರಭದ್ರ ಫೋನಿಟ್ಟು, ಗಿಡಕ್ಕೂ ಅದರ ಬೇರಿಗೂ ಹಾಕಿದವರಿಗೂ ಸೇರಿಸಿ ಒಂದಿಷ್ಟು ಬೈದ. ಹೆಂಡತಿ ಜಯಮ್ಮ ಅವನ ಉಸಿರು ಮುಗಿಯುವವರೆಗೆ ಕಾದು, “ಈಗೇನು ಮಾಡೂದು?” ಎಂದಳು. ಮಗಳು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದವಳು, ಎಲ್ಲ ಕೇಳಿಸಿಕೊಂಡು, “ಮದಿ ಅಪ್ಪಾ,” ಎಂದು ಕೋಣೆಗೆ ಹೋದಳು. ಸಾಕು ಅನ್ನುವುದನ್ನೂ ಅವಳು ಮಲಯಾಳದಲ್ಲೇ ಅನ್ನುತ್ತಿದ್ದಳು. ಬಾಗಿಲು ಮಾತ್ರ ಯಾವ ಭಾಷೆಯೂ ಇಲ್ಲದೆ ಹಾಕಿಕೊಂಡಿತು.

ಅವಳಿಗೆ ಇಪ್ಪತ್ತೊಂಬತ್ತು. ಎರಡು ವರ್ಷದ ಹಿಂದೆ ಕೊಚ್ಚಿಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಎಲ್ಲರ ಕೈಗೂ ಹಾಡಿನ ಹಾಳೆ ಕೊಟ್ಟಿದ್ದರು. ಅದನ್ನು ಓದಲು ಬಾರದೆ ಹಿಂದಿನ ಸಾಲಿನಲ್ಲಿ ಬರೀ ಬಾಯಾಡಿಸುತ್ತ ನಿಂತವರು ಇಬ್ಬರೇ, ಅವಳು ಮತ್ತು ಪ್ರಮೋದ. ಅಲ್ಲಿಂದ ಶುರುವಾದದ್ದು. ಹುಡುಗ ತಮ್ಮವನೇ, ತಮ್ಮ ಕಡೆಯವನೇ ಎಂದು ಗೊತ್ತಾದ ದಿನ ವೀರಭದ್ರನಿಗೆ ಬೈಯಲು ಏನೂ ಸಿಗಲಿಲ್ಲ. ಹುಡುಗನ ಮನೆಯವರು ಅಡ್ಡಹೆಸರಿಗೆ ಚಿಕ್ಕಬೆಣ್ಣೂರ ಎಂದು ಊರಿನ ಹೆಸರು ಬರೆದುಕೊಳ್ಳುತ್ತಿದ್ದರು, ಇವನು ಗೌಡರ ಎಂದು. ಇಬ್ಬರ ಊರೂ ಆದ ಚಿಕ್ಕಬೆಣ್ಣೂರಿನಲ್ಲಿ ನಾನೂರು ಮನೆ. ಒಂದೇ ಮನೆಯವರಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ಕಷ್ಟವಿತ್ತು. ಈ ಚನ್ನಬಸಪ್ಪಗೌಡನನ್ನು ಬಿಟ್ಟುಕೊಡಲು ವೀರಭದ್ರನಿಗೆ ಆಗುತ್ತಿರಲಿಲ್ಲ. ಅವನು ಕಸ್ಟಮ್ಸ್‌ನಲ್ಲಿ ಹೆಡ್ ಹವಾಲ್ದಾರ. ವಲ್ಲಾರ್ಪಾಡಂ ಬಂದರಿನ ಟರ್ಮಿನಲ್ಲಿನಲ್ಲಿ ಕಂಟೇನರುಗಳ ಸೀಲು ನೋಡುವ ಕೆಲಸ. ಮೂವತ್ತು ವರ್ಷ ಹೋದಲ್ಲೆಲ್ಲ, ತನ್ನ ಮುತ್ತಜ್ಜನ ಅಪ್ಪ ಒಬ್ಬನೇ ನಿಂತು ದರೋಡೆಕೋರರನ್ನು ಓಡಿಸಿದ ಕಥೆ ಹೇಳಿದ್ದ. ಕಾರವಾರದಲ್ಲಿ ದರೋಡೆಕೋರರು ನಾಲ್ಕು ಮಂದಿ ಇದ್ದರು. ಗೋವೆಗೆ ವರ್ಗವಾದಾಗ ಏಳಾದರು. ಕೊಚ್ಚಿಗೆ ಬರುವಷ್ಟರಲ್ಲಿ ಹನ್ನೊಂದು.

ಈ ಹನ್ನೊಂದು ಮಂದಿಯನ್ನು ಅತಿ ಹೆಚ್ಚು ಸಲ ಎದುರಿಸಿದವನು ಜೊತೆಯ ಹವಾಲ್ದಾರ ಹಂಸಾ. ಕಣ್ಣೂರಿನವನು. ಅವನ ಕಡೆಯ ಪದ್ಧತಿಯಂತೆ ಮದುವೆಯಾದ ಮೇಲೆ ಹೆಂಡತಿಯ ತರವಾಡಿನಲ್ಲೇ, ಅಂದರೆ ಅವಳ ತಾಯಿಯ ಕಡೆಯ ದೊಡ್ಡಮನೆಯಲ್ಲೇ, ಅವನಿಗೊಂದು ಕೋಣೆ ಕೊಟ್ಟಿದ್ದರು. ರಜೆಯಲ್ಲಿ ಊರಿಗೆ ಹೋದರೆ ಅಲ್ಲೇ ಇರುತ್ತಿದ್ದ. ಇದು ಗೊತ್ತಾದ ದಿನದಿಂದ ವೀರಭದ್ರ ತನ್ನ ಒರಟು ಮಲಯಾಳದಲ್ಲಿ ಅವನನ್ನು ಕೆಣಕುತ್ತಿದ್ದ.

“ಏನಪ್ಪಾ ಮನೆ ಅಳಿಯ, ಅತ್ತೆ ಊಟ ಹಾಕಿದಳಾ?”

“ರಜೆಯಲ್ಲಿ ಹೋದಾಗ ಹಾಕಿದರು ಸಾರೇ. ಅಯಿಲ ಮೀನು ಕೂಡ ಹುರಿದಿದ್ದರು.”

ಹಂಸಾನಿಗೆ ಸಿಟ್ಟೇ ಬರುತ್ತಿರಲಿಲ್ಲ. ವೀರಭದ್ರನಿಗೆ ಅದು ಇನ್ನಷ್ಟು ಸಿಟ್ಟು ತರುತ್ತಿತ್ತು.

ನಿರ್ಮಲರ ಫೋನು ಬಂದ ಮೂರನೇ ದಿನ, “ಹೆಳವನ್ನ ಕರಸ್ರಿ,” ಎಂದಳು ಜಯಮ್ಮ. “ಕಂಪ್ಯೂಟರಕ್ಕಿಂತ ಆತಗ ಹೆಚ್ಚು ಗೊತ್ತಿರ್ತೈತಿ.”

ಹೆಳವರೆಂದರೆ ಮನೆಮನೆಗೆ ಬಂದು ಆ ಮನೆಯ ಪೀಳಿಗೆಗಳನ್ನು ಹಾಡಿ ಹೇಳುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಯಾವ ಮನೆ ಯಾವ ಹೆಳವನದು ಎನ್ನುವುದು ಮೊದಲೇ ನಿಶ್ಚಯ. ಚಿಕ್ಕಬೆಣ್ಣೂರಿನ ಗೌಡರ ಮನೆಗಳೆಲ್ಲ ಯಮನಪ್ಪನ ಪಾಲಿಗಿದ್ದವು. ಹಾಗಾದರೆ ಎರಡೂ ಕಡೆಗೆ ಒಬ್ಬನೇ ಸಾಕ್ಷಿ.

ಯಮನಪ್ಪ ಒಂದೂವರೆ ದಿನ ಪ್ರಯಾಣ ಮಾಡಿ ಕೊಚ್ಚಿಯ ವೈಟ್ಟಿಲದ ಬಸ್ ನಿಲ್ದಾಣದಲ್ಲಿ ಇಳಿದ. ಕೆಂಪು ರುಮಾಲು, ಕಂಕುಳಲ್ಲಿ ಬಟ್ಟೆ ಸುತ್ತಿದ ದಪ್ಪ ಪುಸ್ತಕ. ನಿಲ್ದಾಣದ ಆ ತುದಿಯಿಂದ ಈ ತುದಿಯವರೆಗೆ ನೋಡಿ, “ಎಷ್ಟು ಮಂದಿ ಅದಾರ್ರೀ ಗೌಡ್ರ! ಇವರಿಗೆಲ್ಲ ಹೆಳವರು ಯಾರು?” ಎಂದ.

“ಯಾರೂ ಇಲ್ಲ. ನಡಿ.”

“ಪಾಪ,” ಎಂದ ಯಮನಪ್ಪ.

ಕ್ವಾರ್ಟರ್ಸಿನ ಮೂರನೇ ಮಹಡಿಯಲ್ಲಿ ಚಾಪೆಯ ಮೇಲೆ ಕೂತು ಅವನು ದನಿ ತೆಗೆದ. ಮೇಲಿನ ಮನೆಯವರು ಇಳಿದು ಬಂದು ಬಾಗಿಲಲ್ಲಿ ನಿಂತರು. ಮೂಲಪುರುಷನಿಂದ ಹಿಡಿದು ಒಬ್ಬೊಬ್ಬರನ್ನೇ ಇಳಿಸುತ್ತ ಚನ್ನಬಸಪ್ಪಗೌಡನವರೆಗೆ ಬಂದ. “ಚನ್ನಬಸಪ್ಪಗೌಡ ಕಳ್ಳರನ್ನ ಓಡಿಸಿದಾತ, ಆತನ ಮಗ ರುದ್ರಗೌಡ. ಆ ಮನ್ಯಾಗ ಬೆಳೆದಾತ ಬಸವಣ್ಣೆಪ್ಪ, ಆತನ ಮಗ ನಿಮ್ಮ ತಂದಿ...”

“ನಿಂದರು,” ಎಂದ ವೀರಭದ್ರ. “ಬಸವಣ್ಣೆಪ್ಪ ನಮ್ಮಜ್ಜ. ಆತನ ಅಪ್ಪ ಶಿವಲಿಂಗಪ್ಪ ಎಲ್ಲಿ ಹೋದ?”

ಯಮನಪ್ಪ ಕೆಮ್ಮಿದ. “ಅವ್ವಾರ, ಒಂದೀಟು ನೀರು.”

ನೀರು ಕುಡಿದು ಮತ್ತೆ ಮೊದಲಿನಿಂದ ಹಾಡಿದ. ಅದೇ ಜಾಗದಲ್ಲಿ ಅದೇ ಜಿಗಿತ. ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿ ಹೋದ ಮೇಲೆ ವೀರಭದ್ರ ಬಾಗಿಲು ಹಾಕಿ ಬಂದ.

“ಈಗ ಹೇಳು. ಏನು ನುಂಗಿದಿ?”

“ಗೌಡ್ರ, ನಿಮ್ಮ ಅಜ್ಜಾರು ನಮ್ಮ ಅಜ್ಜಗ ಒಂದು ಆಕಳ ಕೊಟ್ಟಿದ್ರು. ಹಾಲು ಕೊಡು ಆಕಳ. ಆ ಹೆಸರು ಹಾಡಬ್ಯಾಡ ಅಂತ.”

“ಯಾಕ?”

“ಬುಕ್ಕಿನ್ಯಾಗ ಸುಳ್ಳು ಬರ್ಯಾಕ ನಮಗ ಬರೂದಿಲ್ಲ. ಆದ್ರ ಹಾಡು ಮುಂದ ದಾಟಿಸ್ಬಹುದು. ಶಿವಲಿಂಗಪ್ಪ ಚನ್ನಬಸಪ್ಪಗೌಡರ ಮಗ ಅಲ್ಲರಿ. ಅಳಿಯ. ಗೋಕಾಕ ಕಡಿಯಿಂದ ಒಂದು ಗಂಟು ಬಟ್ಟಿ ತಗೊಂಡು ಬಂದು ಮಾವನ ಮನ್ಯಾಗ ಉಳಿದಾತ.”

ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಗಾಬರಿಯೋ ಗೊತ್ತಾಗಲಿಲ್ಲ.

“ಮನೆ ಅಳಿಯ,” ಎಂದ ವೀರಭದ್ರ. ಆ ಮಾತನ್ನು ಅವನು ದಿನಾ ಹೇಳುತ್ತಿದ್ದ. ಈ ರುಚಿಯಲ್ಲಿ ಹೇಳಿದ್ದು ಮೊದಲ ಸಲ.

“ಹೌದ್ರಿ. ಅಂದ್ರ ನೀವು ಮಗಳ ಕಡಿಯವರು, ಅವರು ಮಗನ ಕಡಿಯವರು. ಅಣ್ತಮ್ಮರಲ್ಲ. ಸೋದರತ್ತಿ ಸಂಬಂಧ. ವರಸಿ ಚಂದಾಗಿ ಕೂಡ್ತೈತಿ.”

“ಮತ್ತ ಇದನ್ನ ಅಲ್ಲಿ ಹೇಳಿದ್ರಾತು!” ಎಂದಳು ಜಯಮ್ಮ.

“ಹೇಳಾಕ ಬರೂದಿಲ್ಲವ್ವಾ. ಆಕಳದ ಋಣ ತಿಂದ ಬಾಯಿ. ಹಾಲು ಕುಡದೀವಿ, ಕರು ಮಾರೀವಿ. ಇವರ ಮನಿಯವರು ಆಕಳ ವಾಪಸ್ ತಗೊಂಡ್ರ ಅಷ್ಟ ಬಾಯಿ ಬಿಡಬಹುದು.”

“ಎಂಬತ್ತು ವರ್ಷದ ಹಿಂದಿನ ಆಕಳ ಎಲ್ಲಿಂದ ತರ್ತಿ?” ಎಂದು ವೀರಭದ್ರ ಗುಡುಗಿದ.

“ಅದನ್ನs ನಾನೂ ವಿಚಾರ ಮಾಡಾಕತ್ತೀನ್ರಿ.”

ಮರುದಿನ ವೀರಭದ್ರ ರಜೆ ಕೇಳಲು ಟರ್ಮಿನಲ್ಲಿಗೆ ಹೋದ. ತನ್ನ ಪಾಳಿ ಹಂಸಾನಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿ ಹೊರಡಲಿಲ್ಲ. ಒಂದು ಕಂಟೇನರಿನ ಸೀಲನ್ನು ಎರಡು ಸಲ ನೋಡಿದ.

“ಹಂಸಾ. ಮೊದಲ ದಿನ ಹೆಂಡತಿಯ ಮನೆಗೆ ಹೋದೆಯಲ್ಲ. ನಾಚಿಕೆಯಾಗಲಿಲ್ಲವಾ?”

ಹಂಸಾ ಯೋಚಿಸಿದ. ನಿಜವಾಗಿಯೂ ಯೋಚಿಸಿದ.

“ನಾಚಿಕೆ ಇಲ್ಲ ಸಾರೇ. ಫ್ಯಾನಿನ ಸ್ವಿಚ್ ಯಾವುದೆಂದು ಗೊತ್ತಿರಲಿಲ್ಲ, ಅದೊಂದು ತೊಂದರೆ. ಕೇಳಲು ಸಂಕೋಚ. ಬೆಳಗಿನವರೆಗೆ ಬೆವರಿದೆ.”

“ಅಷ್ಟೇನಾ?”

“ಅಷ್ಟೇ. ನಮ್ಮಲ್ಲಿ ಮನೆ ಉಮ್ಮನದು, ಆಮೇಲೆ ಮಗಳದು. ನಾವು ಬಂದು ಹೋಗುವವರು. ಯಾಕೆ ಸಾರೇ?”

“ಏನಿಲ್ಲ,” ಎಂದು ವೀರಭದ್ರ ಹೊರಟ. ಅಂದು ಅವನು ಅತ್ತೆಯ ಊಟದ ಬಗ್ಗೆ ಕೇಳಲಿಲ್ಲ. ಸಾರ್‌ಗೆ ಮೈ ಸರಿಯಿಲ್ಲವೇನೋ ಎಂದುಕೊಂಡ ಹಂಸಾ.

ಎರಡು ದಿನ ಹೀಗೇ ಹೋದವು. ಯಮನಪ್ಪ ಬಾಲ್ಕನಿಯಲ್ಲಿ ಕೂತು ಹಡಗು ಎಣಿಸಿದ. ಅಪರ್ಣಾ ಕೋಣೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಕೋಣೆಗೆ ಓಡಾಡಿದಳು. ಮೂರನೆಯ ಬೆಳಿಗ್ಗೆ ಅವಳ ಊಟದ ಡಬ್ಬಿ ಹಿಂದಿನ ದಿನದ ಅನ್ನದೊಂದಿಗೆ ಹಾಗೇ ವಾಪಸಾದದ್ದು ಕಂಡು ವೀರಭದ್ರ ಡಬ್ಬಿಯನ್ನು ಬೈದ. ಆಮೇಲೆ ತಿರುವನಂತಪುರದ ರೈಲಿಗೆ ನಾಲ್ಕು ಟಿಕೆಟು ತಂದ.

ಆ ಊರಲ್ಲಿ ಇಳಿದವನೇ, ನಿರ್ಮಲರ ಮನೆಗೆ ಹೋಗುವ ಮೊದಲು, ಎಲ್ಲರನ್ನೂ ಚಾಲೈ ಪೇಟೆಗೆ ಕರೆದುಕೊಂಡು ಹೋದ. ಪಾತ್ರೆ ಅಂಗಡಿಗಳ ಸಾಲಿನಲ್ಲಿ ಒಂದು ಹಿತ್ತಾಳೆಯ ಆಕಳು ಆರಿಸಿ ಯಮನಪ್ಪನ ಕೈಗೆ ಕೊಟ್ಟ. ಗೇಣುದ್ದವಿತ್ತು.

“ಇದನ್ನ ನನಗ ವಾಪಸ್ ಕೊಡು.”

ಯಮನಪ್ಪ ಆಕಳನ್ನು ತಿರುಗಿಸಿ ನೋಡಿದ. “ಆವಾಗಿಂದು ಕಂದು ಬಣ್ಣದ್ದು ಇತ್ತಂತ.”

“ಯಮನಪ್ಪಾ!”

“ಕೆಚ್ಚಲ ಚಲೋ ಮಾಡ್ಯಾರ್ರಿ,” ಎಂದು ಅವನು ಅಂಗಡಿಯ ಮುಂದೆಯೇ ರುಮಾಲು ತೆಗೆದು, ಎರಡೂ ಕೈಯಿಂದ ಆಕಳನ್ನು ವೀರಭದ್ರನಿಗೆ ಒಪ್ಪಿಸಿದ. ಅಂಗಡಿಯವನು ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಎಚ್ಚರಿಸಿದ.

ನಿರ್ಮಲರ ನಡುಮನೆಯಲ್ಲಿ ಗೋಡೆಯ ತುಂಬ ವಂಶವೃಕ್ಷದ ಹಾಳೆ. ಅದರ ಕೆಳಗೆ ನಿರ್ಮಲ, ಅವರ ಗಂಡ, ಪ್ರಮೋದ ಸಾಲಾಗಿ ಕೂತಿದ್ದರು. ಪ್ರಮೋದ ಎದ್ದು ಅಪರ್ಣಾಳಿಗೆ ಕುರ್ಚಿ ಕೊಟ್ಟ. ಅಣ್ಣನಾಗಿಯೋ ಬೇರೆ ಯಾರಾಗಿಯೋ ತೀರ್ಮಾನವಾಗಿರಲಿಲ್ಲವಾದ್ದರಿಂದ ಇಬ್ಬರೂ ನೆಲ ನೋಡಿದರು.

ಯಮನಪ್ಪ ಹಾಡಿದ. ಚಾಪೆಯ ಮೇಲೆ ಕೂತವನ ಹಾಡಿನಲ್ಲಿ ಚನ್ನಬಸಪ್ಪಗೌಡ ಬಂದ. “ಇಬ್ಬರು ಕಳ್ಳರನ್ನ ಓಡಿಸಿದಾತ...”

“ಎಷ್ಟು ಮಂದಿ?” ಎಂದ ವೀರಭದ್ರ.

“ಇಬ್ಬರು. ಒಬ್ಬ ಕುಂಟ. ಬುಕ್ಕಿನ್ಯಾಗ ಹಂಗs ಐತ್ರಿ.”

ಜಯಮ್ಮ ಕೆಮ್ಮಿದಳು. ಯಮನಪ್ಪ ಮುಂದುವರಿದು ರುದ್ರಗೌಡನ ಹೆಸರು ಹೇಳಿ, ನಿಂತು, ವೀರಭದ್ರನ ಮುಖ ನೋಡಿದ. ಅವನ ತೊಡೆಯ ಮೇಲೆ ಆಕಳಿತ್ತು. ಕೈ ಅದರ ಕೊಂಬು ಹಿಡಿದಿತ್ತು.

“ನನ್ನ ಮಾರಿ ಏನು ನೋಡ್ತಿ? ನಮ್ಮ ಮುತ್ತಜ್ಜ ಮನೆ ಅಳಿಯ,” ಎಂದ ವೀರಭದ್ರ, ಜಗಳಕ್ಕೆ ಕರೆಯುವವನ ದನಿಯಲ್ಲಿ. “ಗೋಕಾಕದಿಂದ ಬಟ್ಟಿ ಗಂಟು ಹೊತ್ತು ಬಂದಾತ. ನಮ್ಮಜ್ಜ ಆಕಳ ಕೊಟ್ಟು ಮುಚ್ಚಿಟ್ಟಿದ್ದ. ಈಗ ಪೂರಾ ಹಾಡು.”

ಯಮನಪ್ಪ ಹಾಡಿದ. “ಚನ್ನಬಸಪ್ಪಗೌಡನ ಮಗಳು ಒಬ್ಬಾಕಿ, ಆಕಿ ಗಂಡ ಶಿವಲಿಂಗಪ್ಪ, ಮನಿಗೆ ಬಂದು ಮಗನಾದಾತ, ಅವರ ಮಗ ಬಸವಣ್ಣೆಪ್ಪ...”

ನಡುಮನೆಯಲ್ಲಿ ಯಾರೂ ಅಯ್ಯೋ ಎನ್ನಲಿಲ್ಲ. ನಿರ್ಮಲರ ವಿಜ್ಞಾನಿ ಗಂಡ ಬೆರಳಿನಲ್ಲಿ ತಲೆಮಾರು ಎಣಿಸಿ, “ಕೂಡ್ತದ,” ಎಂದರು. ನಿರ್ಮಲ ಲ್ಯಾಪ್‌ಟಾಪ್ ತೆಗೆದು ಶಿವಲಿಂಗಪ್ಪನನ್ನು ಮಗನ ಜಾಗದಿಂದ ಕಿತ್ತು ಅಳಿಯನ ಜಾಗದಲ್ಲಿ ನೆಟ್ಟರು.

“ಆತು ನೋಡ್ರಿ ಬೀಗರ,” ಎಂದರು. ಸಂಬಂಧ ಅಷ್ಟು ಬೇಗ ಬದಲಾಯಿತು. ಪ್ರಮೋದ ಮತ್ತು ಅಪರ್ಣಾ ಈಗ ಒಬ್ಬರನ್ನೊಬ್ಬರು ನೋಡಿದರು. “ಒಂದs ತೊಂದರೆ. ಆ ಮಗಳ ಹೆಸರೇನು? ಖಾಲಿ ಬಿಟ್ರ ಇದು ಮುಂದ ಹೋಗೂದಿಲ್ಲ.”

ಎಲ್ಲರೂ ಯಮನಪ್ಪನನ್ನು ನೋಡಿದರು.

“ಹೆಣ್ಣುಮಕ್ಕಳ ಹೆಸರು ನಾವು ಬರಿಯೂದಿಲ್ಲವ್ವಾ. ಮಗಳು ಒಬ್ಬಾಕಿ. ಅಷ್ಟs.”

“ಅಷ್ಟs ಅಂದ್ರ?” ವೀರಭದ್ರ ಎದ್ದು ನಿಂತ. “ಹೊರಗಿಂದ ಬಂದ ಅಳಿಯಂದು ಐತಿ. ಕುಂಟ ಕಳ್ಳನ ಲೆಕ್ಕ ಐತಿ. ನಮ್ಮನ್ನೆಲ್ಲ ಹೆತ್ತಾಕಿದು ಇಲ್ಲ? ಆಕಿ ಇದ್ದದ್ದಕ್ಕs ಇವತ್ತು ಈ ಮದಿವಿ ಆಗಾಕತ್ತೈತಿ!”

“ನಮ್ಮ ಅಜ್ಜಾರು ಬರದಿಲ್ಲ, ನಾ ಏನು ಮಾಡ್ಲಿ ಗೌಡ್ರ?”

ಅವಳ ಹೆಸರು ಬಲ್ಲವರು ಯಾರೂ ಬದುಕಿರಲಿಲ್ಲ. ನಿರ್ಮಲ ಆ ಜಾಗದಲ್ಲಿ ಒಂದು ಚುಕ್ಕಿ ಇಟ್ಟರು. ಕಂಪ್ಯೂಟರು ಒಪ್ಪಿಕೊಂಡಿತು. ವೀರಭದ್ರ ಒಪ್ಪಲಿಲ್ಲ.

“ಬುಕ್ ಬಿಚ್ಚು,” ಎಂದ. “ನನ್ನ ಹೆಸರಿನ ಕೆಳಗ ಬರಿ. ಅಪರ್ಣಾ. ಮಗಳು ಒಬ್ಬಾಕಿ ಅಂತ ಬರದ್ರ ನೋಡು ಮತ್ತ.”

“ಅಪ್ಪಾ, ವೇಂಡಾ...” ಎಂದಳು ಅಪರ್ಣಾ. ಬೇಡವೆಂದರೂ ಪುಸ್ತಕದ ಹತ್ತಿರ ಬಂದು ಬಗ್ಗಿದಳು.

ಯಮನಪ್ಪ ಲೇಖನಿಯ ಮುಚ್ಚಳ ತೆಗೆದು, ಮತ್ತೆ ಹಾಕಿದ. “ಇಲ್ಲೀತನಕ ಯಾರಿಗೂ ಬರದಿಲ್ರಿ. ಹೊಸ ಪದ್ಧತಿ. ಇದಕ್ಕ ಒಂದು ಆಕಳ ಕೊಡಬೇಕಾಗ್ತೈತಿ.”

ವೀರಭದ್ರ ಅವನನ್ನು ಬೈಯಲು ಬಾಯಿ ತೆರೆದ. ನಂತರ ಕೈಯಲ್ಲಿದ್ದುದನ್ನು ನೋಡಿ, ಚಾಪೆಯ ಮೇಲೆ, ಪುಸ್ತಕದ ಪಕ್ಕದಲ್ಲಿ ಇಟ್ಟ.

ಯಮನಪ್ಪ ಅದನ್ನು ಚೀಲಕ್ಕೆ ಹಾಕಿಕೊಂಡು, ಅಕ್ಷರ ಹೇಗೆಂದು ಹುಡುಗಿಯನ್ನೇ ಕೇಳಿದ. ಅವಳಿಗೆ ಕನ್ನಡದಲ್ಲಿ ಬರೆಯಲು ಬರುತ್ತಿರಲಿಲ್ಲ. ವೀರಭದ್ರ ಮೊಣಕಾಲೂರಿ ಕೂತು, ಒಂದೊಂದೇ ಅಕ್ಷರ ಹೇಳಿ ಬರೆಸಿದ.