ಚಿಂಪುವಿನ ಎಡಹುರಿ

ಅಪುರಿಮಾಕ್ ನದಿಯ ಹುಲ್ಲಿನ ಸೇತುವೆಯನ್ನು ನಾವು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತೇವೆ. ಅದಕ್ಕೆ ಮನೆಗೊಂದು ಹಗ್ಗ ಕೊಡಬೇಕು. ಕೊಡದವರು ವರ್ಷವಿಡೀ ಸೇತುವೆ ತುಳಿಯುವಂತಿಲ್ಲ. ಚಿಂಪುವಿನ ಮನೆಯ ಹಗ್ಗವನ್ನು ಇಷ್ಟು ವರ್ಷ ಅವಳ ಅತ್ತೆ ಹೊಸೆಯುತ್ತಿದ್ದಳು. ಅತ್ತೆ ತೀರಿಕೊಂಡಿದ್ದರಿಂದ ಈ ಸಲ ಆಲೂಗಡ್ಡೆ ಅಗೆಯುವ ಕೆಲಸದ ನಡುವೆ ಅವಳೇ ಹೊಸೆದು ತಂದಳು.

ಸೇತುವೆಯ ಯಜಮಾನ ಪೌಕಾರಜ್ಜ ಹಗ್ಗವನ್ನು ತಿರುಗಿಸಿ ನೋಡಿದ. "ಅಯ್ಯೋ ಚಿಂಪಕ್ಕ, ಹುರಿ ಎಡಕ್ಕೆ ಬಿದ್ದಿದೆಯಲ್ಲೇ! ನೀನು ಎಡಚಿ ಅನ್ನೋದೇ ಮರ್ತಿದ್ದೆ. ಬೇರೆಯವರ ಬಲಹುರಿ ಹಗ್ಗದ ಜೊತೆ ಹೆಣೆದ್ರೆ ಬಿಚ್ಕೊಳ್ಳುತ್ತೆ."

"ಮತ್ತೆ ಹೊಸೆಯೋಕೆ ನಾಲ್ಕು ದಿನ ಬೇಕು ಕಣಜ್ಜ."

"ನಾಳೆಗೇ ಸೇತುವೆ ಮುಗೀಬೇಕಲ್ಲಮ್ಮ."

"ಬಿಡಜ್ಜ, ಮೂಟೆ ಹೊರೋ ಅವಳ ಲಾಮಾನ ಕಟ್ಟೋಕಾಗುತ್ತೆ," ಎಂದು ಯಾರೋ ನಕ್ಕರು.

ಚಿಂಪು ನಗಲಿಲ್ಲ. ಆಚೆ ದಡದ ಊರಿನಲ್ಲಿ ಅವಳ ಮಗಳು ಸಿಸಾ ತುಂಬು ಬಸುರಿ.

ಪೌಕಾರಜ್ಜ ಹಗ್ಗವನ್ನು ಬಂಡೆಗೆ ಸುತ್ತಿ, ಮೈಭಾರ ಬಿಟ್ಟು ಜಗ್ಗಿದ. "ಬಿಗಿಯಾಗೇ ಇದೆ. ಪಕ್ಕದ ಜಾಲರಿಗೆ ಒಂಟಿ ಹುರಿ ಸಾಕು, ಅದಕ್ಕೆ ಎಡವೇನು, ಬಲವೇನು? ಬಾಣಂತಿ ಕಾಲಿಗೆ ದೃಷ್ಟಿಗೇಂತ ಕಟ್ಟೋದೂ ಎಡಹುರೀನೇ ತಾನೆ? ಕೊನೇಲಿ ಒಂದು ತುಂಡು ಉಳಿಸ್ಕೊಡ್ತೀನಿ, ಸಿಸಾಗೇಂತ ಇಟ್ಕೋ."

ಮರುದಿನ ಹೊಸ ಸೇತುವೆಯ ನಡುವೆ, ಅದು ಗಾಳಿಗೆ ತೂಗಿದಾಗ, ಚಿಂಪು ಪಕ್ಕದ ಜಾಲರಿಯಲ್ಲಿ ತನ್ನ ಹುರಿ ಎಲ್ಲಿದೆಯೆಂದು ಹುಡುಕಿ, ಎಡಗೈಯಲ್ಲಿ ಹಿಡಿದು ನಿಂತಳು. ಆಚೆ ದಡದಿಂದ ಅಳಿಯ ಕೂಗುತ್ತಿದ್ದ:

"ಬೇಗ ಬನ್ನಿ ಅತ್ತೆ, ನೋವು ಶುರುವಾಗಿದೆ!"

ಸೊಂಟದಲ್ಲಿ ಸಿಕ್ಕಿಸಿದ್ದ ತುಂಡನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಅವಳು ಬಿರಬಿರನೆ ನಡೆದಳು.